ಉಲ್ಟಿ ಮತ್ತು ಒಂದು ಚಮಚ ನೀರು

ಬಸವಕಲ್ಯಾಣದ ದವಾಖಾನೆಯಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಸರದಿಯಲ್ಲಿ ನಿಂತ ತಾಯಿ 'ವಾಂತಿ' ಎಂಬ ಪದ ಬಳಸುವುದು ಕಡಿಮೆ. 'ನಿನ್ನಿಂದ ಉಲ್ಟಿ ಆಗ್ಲತ್ತಾದ್ರಿ' ಎನ್ನುತ್ತಾಳೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲೂ ಅದೇ ಮಾತು. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಓಣಿಯಲ್ಲಿ ಬಾಳುವ ಈ ಸೀಮೆಯಲ್ಲಿ 'ಕಕ್ಕು', 'ಕಾರು' ಎಂಬ ಹಳೆಯ ಕನ್ನಡ ಪದಗಳನ್ನು ಅಜ್ಜಿಯರು ಉಳಿಸಿಕೊಂಡಿದ್ದಾರೆ, ಉಳಿದವರಿಗೆಲ್ಲ ಉಲ್ಟಿಯೇ. ಉಲ್ಟಾ ಆಗುವುದು, ತಿರುಗುಮುರುಗಾಗುವುದು. ಪುಸ್ತಕದ ಪದಕ್ಕಿಂತ ಈ ಬಳಕೆಯ ಪದವೇ ಶರೀರದೊಳಗೆ ನಡೆಯುವುದನ್ನು ಹೆಚ್ಚು ಸರಿಯಾಗಿ ಹೇಳುತ್ತದೆ.

ತಿಂದದ್ದು ಕರುಳಿನಲ್ಲಿ ಮೇಲಿನಿಂದ ಕೆಳಕ್ಕೆ ಹೋಗಬೇಕು. ಕರುಳಿನ ಗೋಡೆಯ ಸ್ನಾಯುಗಳು ಅಲೆಯಂತೆ ಹಿಂಡುತ್ತ ಅದನ್ನು ಮುಂದಕ್ಕೆ ತಳ್ಳುತ್ತವೆ. ವಾಂತಿಗೆ ಸ್ವಲ್ಪ ಮೊದಲು ಈ ಅಲೆ ದಿಕ್ಕು ಬದಲಿಸುತ್ತದೆ. ಸಣ್ಣ ಕರುಳಿನ ನಡುಭಾಗದಲ್ಲಿ ಎದ್ದ ಒಂದು ದೊಡ್ಡ ಅಲೆ ಹಿಂದಕ್ಕೆ ಹರಿದು, ಕರುಳಿನಲ್ಲಿದ್ದುದನ್ನು ಜಠರಕ್ಕೆ ವಾಪಸು ತಂದು ಸುರಿಯುತ್ತದೆ. ಹೊಟ್ಟೆಯಲ್ಲಿ ಏನೂ ಇಲ್ಲದಾಗಲೂ ಕಹಿಯಾದ ಹಳದಿ ನೀರು ಬರುವುದು ಇದರಿಂದಲೇ. ನಮ್ಮ ಕಡೆ ಅದಕ್ಕೆ 'ಪಿತ್ತ ಕೆರಳ್ಯಾದ' ಎನ್ನುತ್ತಾರೆ. ಬಂದದ್ದು ಪಿತ್ತರಸವೇ ಹೌದು. ಆದರೆ ಅದು ಕೆರಳಿ ವಾಂತಿ ಹುಟ್ಟಿಸಿದ್ದಲ್ಲ, ತಿರುಗಿದ ಅಲೆ ಅದನ್ನು ಹೊತ್ತು ತಂದಿದೆ.

ಅಷ್ಟರಲ್ಲಿ ಬಾಯಿ ತುಂಬ ಜೊಲ್ಲು ಊರುತ್ತದೆ. ಜಠರದ ಆಮ್ಲ ಹಲ್ಲನ್ನು ಸುಡದಿರಲಿ ಎಂದು ಶರೀರ ಮೊದಲೇ ಮಾಡಿಕೊಳ್ಳುವ ಸಿದ್ಧತೆ ಅದು. ಮೈ ಬೆವರುತ್ತದೆ, ಮುಖ ಬಿಳಿಚುತ್ತದೆ. ಒಂದು ದೀರ್ಘ ಉಸಿರು ಒಳಗೆ ಹೋಗಿ ಉಸಿರ್ನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಬಳಿಕ ವಪೆಯೂ ಹೊಟ್ಟೆಯ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಎರಡು ಕಡೆಯಿಂದ ಹಿಂಡಿದ ಚೀಲದಂತೆ ಜಠರ ಬರಿದಾಗುತ್ತದೆ.

ಹೌದು, ಜಠರ ಇಲ್ಲಿ ಬರೀ ಚೀಲ. 1813ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಫ್ರಾಂಸ್ವಾ ಮಜಾಂದಿ ಒಂದು ನಾಯಿಯ ಜಠರ ತೆಗೆದು, ಅಲ್ಲಿ ಹಂದಿಯ ಮೂತ್ರಕೋಶ ಜೋಡಿಸಿ, ವಾಂತಿ ಬರಿಸುವ ಮದ್ದನ್ನು ರಕ್ತನಾಳಕ್ಕೆ ಕೊಟ್ಟ. ನಾಯಿ ಹಾಗೆಯೇ ಕಾರಿತು. ಆ ಕ್ರೌರ್ಯವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಒಂದು ಸತ್ಯ ಅಂದು ಗಟ್ಟಿಯಾಯಿತು: ವಾಂತಿಗೆ ಜಠರದ ಹಿಂಡಾಟ ಬೇಕಿಲ್ಲ. ಅದರ ಅಪ್ಪಣೆ ಹೊರಡುವುದು ಮಿದುಳಿನಿಂದ.

ಕುತ್ತಿಗೆಯ ಮೇಲ್ಭಾಗದಲ್ಲಿ, ತಲೆಬುರುಡೆಯೊಳಗೆ ಮಿದುಳು ಬೆನ್ನುಹುರಿಯಾಗಿ ಇಳಿಯುವ ಕಡೆ, ಈ ಅಪ್ಪಣೆಯ ಕಟ್ಟೆ ಇದೆ. ಅಲ್ಲೇ ಪಕ್ಕದಲ್ಲಿ ಕಾಳಿನಷ್ಟು ಚಿಕ್ಕ ಒಂದು ಕಾವಲುಠಾಣೆ. ಮಿದುಳಿನ ಬಹುಭಾಗಕ್ಕೆ ರಕ್ತದಲ್ಲಿನ ವಿಷ ಸುಲಭವಾಗಿ ದಾಟದಂತೆ ತಡೆಗೋಡೆ ಇರುತ್ತದೆ. ಈ ಠಾಣೆಗೆ ಮಾತ್ರ ಆ ಗೋಡೆ ಇಲ್ಲ, ರಕ್ತದ ರುಚಿ ನೋಡುವುದೇ ಇದರ ಕೆಲಸ. 1950ರ ದಶಕದಲ್ಲಿ ಬೋರಿಸನ್ ಮತ್ತು ವಾಂಗ್ ಎಂಬ ಇಬ್ಬರು ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಕರುಳಿನಿಂದ ವೇಗಸ್ ನರದ ಮೂಲಕ, ಒಳಕಿವಿಯಿಂದ, ಕಣ್ಣು ಮೂಗು ಮನಸ್ಸುಗಳಿಂದ ಬರುವ ದೂರುಗಳೂ ಇದೇ ಕಟ್ಟೆಗೆ ಬಂದು ಸೇರುತ್ತವೆ. ಕೊಳೆತ ನಾತಕ್ಕೆ, ಪಕ್ಕದವರು ಕಾರುವುದನ್ನು ಕಂಡದ್ದಕ್ಕೆ, ಪರೀಕ್ಷೆಯ ಭಯಕ್ಕೆ ಹೊಟ್ಟೆ ತೊಳಸುವುದು ಹೀಗೆ.

ಎಲ್ಲ ಪ್ರಾಣಿಗಳಿಗೂ ಈ ಏರ್ಪಾಡಿಲ್ಲ. ಈ ಮಾತು ಹೇಳಲು ಬಸವಕಲ್ಯಾಣಕ್ಕಿಂತ ಒಳ್ಳೆಯ ಊರಿಲ್ಲ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು ಆಳಿದ ಚಾಲುಕ್ಯರ ಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ 'ಗೋವೈದ್ಯ' ಬರೆದ. ಅರಸುಮನೆತನದವನೊಬ್ಬ ದನಗಳ ರೋಗದ ಬಗ್ಗೆ ಕನ್ನಡದಲ್ಲಿ ಗ್ರಂಥ ರಚಿಸಿದ್ದು ಹೆಮ್ಮೆಯ ಸಂಗತಿ. ಈಗ ಆಕಳನ್ನು ನೋಡಿ. ಮೇದದ್ದನ್ನು ಬಾಯಿಗೆ ತಂದು ಮೆಲುಕು ಹಾಕುತ್ತದೆ. ಇದು ವಾಂತಿಯಲ್ಲ: ಬೆವರಿಲ್ಲ, ಸಂಕಟವಿಲ್ಲ, ಹೊಟ್ಟೆಯ ಸ್ನಾಯುಗಳ ಹಿಂಡಾಟವಿಲ್ಲ. ಕುದುರೆಗೆ ವಾಂತಿ ಮಾಡಲು ಹೆಚ್ಚುಕಡಿಮೆ ಬರುವುದೇ ಇಲ್ಲ. ಇಲಿಗಂತೂ ಮಿದುಳಿನಲ್ಲಿ ಆ ಏರ್ಪಾಡೇ ಇಲ್ಲ, ಇಲಿಪಾಷಾಣ ಅಷ್ಟು ಚೆನ್ನಾಗಿ ಕೆಲಸ ಮಾಡಲು ಅದೂ ಒಂದು ಕಾರಣ. ನುಂಗಿದ್ದನ್ನು ಇಲಿ ಹೊರಹಾಕಲಾರದು. ಮನುಷ್ಯ, ನಾಯಿ, ಬೆಕ್ಕುಗಳಿಗೆ ಹೊರಹಾಕುವ ಶಕ್ತಿ ಇದೆ. ಹಾಗಾಗಿ ವಾಂತಿಯನ್ನು ನಾವು ಮೊದಲು ಕಾಣಬೇಕಾದದ್ದು ಕಾವಲುಗಾರನಾಗಿ.

ಕಾವಲುಗಾರನೂ ಕೆಲವೊಮ್ಮೆ ತಪ್ಪು ತಿಳಿಯುತ್ತಾನೆ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಸಸ್ತಾಪುರ ಬಂಗ್ಲಾ ದಾಟಿ, ಹುಮನಾಬಾದಿನ ಮೇಲೆ ಹಾದು ಹೋಗುತ್ತದೆ. ಆ ದಾರಿಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಮೊಬೈಲು ನೋಡುತ್ತ ಕುಳಿತ ಹುಡುಗನನ್ನು ನೆನೆಯಿರಿ. ಅವನ ಒಳಕಿವಿ 'ನಾವು ಅಲುಗುತ್ತಿದ್ದೇವೆ' ಎನ್ನುತ್ತದೆ. ಕಣ್ಣು 'ಇಲ್ಲ, ಪರದೆ ನಿಂತಲ್ಲೇ ಇದೆ' ಎನ್ನುತ್ತದೆ. ಈ ಜಗಳವನ್ನು ಮಿದುಳು ಯಾವುದೋ ವಿಷದ ಅಮಲೆಂದು ತಪ್ಪಾಗಿ ಭಾವಿಸುತ್ತದೆ ಎಂಬುದು ಬಹುಕಾಲದಿಂದ ಇರುವ ಒಂದು ವಿವರಣೆ. ಉಪಾಯ ಸರಳ: ಮುಂದಿನ ಸೀಟು, ಕಿಟಕಿಯ ಗಾಳಿ, ದೂರದ ದಿಗಂತದ ಮೇಲೆ ನೋಟ, ಹೊಟ್ಟೆ ಬಿರಿಯುವಷ್ಟು ಊಟ ಬೇಡ. ಪ್ರಯಾಣದ ಗುಳಿಗೆ ನುಂಗುವುದಿದ್ದರೆ ಬಸ್ಸು ಬಿಡುವ ಮೊದಲೇ ನುಂಗಬೇಕು, ತೊಳಸು ಶುರುವಾದ ಮೇಲೆ ಅದರ ಉಪಯೋಗ ಕಡಿಮೆ.

ಬಸುರಿಯರ ವಾಂತಿಯ ಬಗ್ಗೆ ಎರಡು ಮಾತು. 'ಎಲ್ಲಾರಿಗೂ ಆಗ್ತದ, ತಡ್ಕೊ' ಎಂದು ಮನೆಯವರು ಹೇಳುವುದು ವಾಡಿಕೆ. ನಾಲ್ಕನೆಯ ತಿಂಗಳ ಹೊತ್ತಿಗೆ ಹೆಚ್ಚಿನವರಿಗೆ ಅದು ತಗ್ಗುತ್ತದೆ ಎಂಬುದೂ ನಿಜ. ಆದರೆ ನೀರೂ ನಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ರೋಗ, ಹಠವಲ್ಲ. ಜಿಡಿಎಫ್15 ಎಂಬ ಹಾರ್ಮೋನು ಗರ್ಭದ ಕಡೆಯಿಂದ ತಾಯಿಯ ರಕ್ತಕ್ಕೆ ಬಂದು ಮಿದುಳಿನ ಅದೇ ಠಾಣೆಯನ್ನು ಎಬ್ಬಿಸುತ್ತದೆ ಎಂದು 2023ರ ಕೊನೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸೊಸೆ ನಾಟಕ ಮಾಡುತ್ತಿದ್ದಾಳೆ ಎಂದ ಮನೆಗಳಿಗೆ ಈ ಸುದ್ದಿ ಮುಟ್ಟಬೇಕು. ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ ಬಸುರಿಗೆ ಕೊಡಬಾರದೆಂಬ ಪಾಠವನ್ನು ಜಗತ್ತು ಬಹಳ ಕಷ್ಟಪಟ್ಟು ಕಲಿತಿದೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಮಾತ್ರೆಯನ್ನು ಬಸುರಿಯರ ತೊಳಸಿಗೂ ಕೊಟ್ಟಿದ್ದರು. ಸಾವಿರಾರು ಕೂಸುಗಳು ಕೈಕಾಲು ಬೆಳೆಯದೆ ಹುಟ್ಟಿದವು.

ಮದುವೆ, ಜಾತ್ರೆಗಳ ಊಟದ ಮಾತಿಗೆ ಬರೋಣ. ಬೆಳಿಗ್ಗೆ ಮಾಡಿದ ಅಡುಗೆ ಬಿಸಿಲಿನ ಮಂಟಪದಲ್ಲಿ ಮಧ್ಯಾಹ್ನದವರೆಗೆ ಕುಳಿತರೆ, ಬಡಿಸುವವರ ಕೈಯ ಗಾಯದಿಂದ, ಮೂಗಿನಿಂದ ಬಂದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ವಿಷ ಬಿಡುತ್ತದೆ. ಉಂಡ ಒಂದರಿಂದ ಆರು ತಾಸಿನೊಳಗೆ ಪಂಕ್ತಿಗೆ ಪಂಕ್ತಿಯೇ ಉಲ್ಟಿ ಶುರು. ಅಡುಗೆಯವರು ಮತ್ತೆ ಕುದಿಸಿ ಬಡಿಸಿದರೂ ಉಪಯೋಗವಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಕುದಿತಕ್ಕೆ ಜಗ್ಗುವುದಿಲ್ಲ. ಸಮಾಧಾನವೆಂದರೆ ಈ ಬಗೆಯದು ಸಾಮಾನ್ಯವಾಗಿ ಒಂದು ದಿನದಲ್ಲಿ ತಾನೇ ಇಳಿಯುತ್ತದೆ. ಸಣ್ಣ ಮಕ್ಕಳಲ್ಲಿ ಉಲ್ಟಿ ಮೊದಲಾಗಿ ಹಿಂದೆಯೇ ನೀರುಭೇದಿ ಬಂದರೆ ಅದು ಹೆಚ್ಚಾಗಿ ವೈರಾಣುವಿನ ಕೆಲಸ. ರೋಟಾವೈರಸ್ ಲಸಿಕೆಯ ಹನಿಗಳನ್ನು 6, 10, 14ನೇ ವಾರಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಹಾಕುತ್ತಾರೆ. ಅದನ್ನು ತಪ್ಪಿಸಬೇಡಿ.

ಮನೆಯಲ್ಲಿ ಮಗು ಕಾರಿದೊಡನೆ ನಮ್ಮ ಕಡೆ ಎರಡು ಕೆಲಸ ನಡೆಯುತ್ತವೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ 'ನದರ' ತೆಗೆಯುತ್ತಾರೆ. ಅದರಿಂದ ಕೆಡುಕಿಲ್ಲ, ತಾಯಿಯ ಜೀವಕ್ಕೆ ಒಂದು ಧೈರ್ಯ. ಎರಡನೆಯದು ಕೆಡುಕು: 'ನೀರು ಕೊಟ್ರ ಮತ್ತ ಕಕ್ತದ' ಎಂದು ನೀರು ನಿಲ್ಲಿಸುತ್ತಾರೆ. ವಾಂತಿಭೇದಿಯಲ್ಲಿ ಮಗು ಸಾಯುವುದು ಉಲ್ಟಿಯಿಂದಲ್ಲ, ನೀರು ಆರಿ. ನೀರಿನ ಜತೆಗೆ ಉಪ್ಪು, ಪೊಟ್ಯಾಸಿಯಂ ಹೋಗುತ್ತವೆ, ರಕ್ತ ಗಟ್ಟಿಯಾಗುತ್ತದೆ, ಮೂತ್ರಪಿಂಡ ಸುಮ್ಮನಾಗುತ್ತದೆ. ಕಣ್ಣು ಗುಳಿ ಬೀಳುವುದು, ಅತ್ತರೆ ಕಣ್ಣೀರಿಲ್ಲದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುವುದು, ಆರು ತಾಸಾದರೂ ಮೂತ್ರ ಮಾಡದಿರುವುದು, ಇವು ಅದರ ಗುರುತು. ಕೂಸು ನೀರಿಗಾಗಿ ಹಪಹಪಿಸುತ್ತಿದ್ದರೆ ಇನ್ನೂ ಸಮಯವಿದೆ. ನೀರು ಮುಂದಿಟ್ಟರೂ ಕುಡಿಯದೆ ಜೋಲು ಬಿದ್ದರೆ ಸಮಯ ಮೀರುತ್ತಿದೆ.

ಕರುಳು ಕೆಟ್ಟಾಗ ಕೊಟ್ಟ ನೀರು ಒಳಗೆ ಹೇಗೆ ಹೋದೀತು? ಇದಕ್ಕೆ ಉತ್ತರ ಹುಮನಾಬಾದ್ ತಾಲ್ಲೂಕಿನ ಹೊಲಗಳಲ್ಲೇ ಇದೆ ಎನ್ನಬಹುದು: ಕಬ್ಬಿನ ಸಕ್ಕರೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸಿಗೂ ಸೋಡಿಯಂಗೂ ಕೂಡಿಯೇ ತೆರೆಯುವ ಒಂದು ಬಾಗಿಲಿದೆ ಎಂದು 1960ರಲ್ಲಿ ಪ್ರಾಗ್ ನಗರದ ಸಭೆಯಲ್ಲಿ ರಾಬರ್ಟ್ ಕ್ರೇನ್ ಹೇಳಿದರು. ಎರಡೂ ಕೈಹಿಡಿದು ಒಳಹೋದರೆ ನೀರು ಅವುಗಳ ಬೆನ್ನು ಹಿಡಿದು ಹೋಗುತ್ತದೆ. ಕಾಲರಾದಂಥ ರೋಗದಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನೋಬಿಸ್ ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಲೋಟದಲ್ಲಿ ಕುಡಿಸಲು ರೋಗಿಗಳ ಮನೆಯವರಿಗೇ ಹೇಳಿದರು. ನೂರಕ್ಕೆ 30ರ ಸುಮಾರಿನಲ್ಲಿದ್ದ ಸಾವು ಅವರ ಶಿಬಿರದಲ್ಲಿ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ದೇಶ ಪದ್ಮವಿಭೂಷಣ ಕೊಟ್ಟಿತು. ಆ ಗೌರವ ಅವರು ಬದುಕಿರುವಾಗಲೇ ಬರಬೇಕಿತ್ತು.

ಆ ನೀರಿನ ಇಂದಿನ ರೂಪವಾದ ಓಆರ್‌ಎಸ್ ಪುಡಿಯ ಪೊಟ್ಟಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ ಆರು ಸಕ್ಕರೆ, ಅರ್ಧ ಉಪ್ಪು. ಹಿಡಿ ಅಳತೆಯಲ್ಲಿ ಉಪ್ಪು ಹೆಚ್ಚು ಬಿದ್ದರೆ ಮಗುವಿಗೆ ಅಪಾಯ, ಆದ್ದರಿಂದ ಚಮಚವನ್ನೇ ಬಳಸಿ. ಉಪ್ಪು ಹಾಕಿದ ತೆಳು ಅಕ್ಕಿ ಗಂಜಿಯನ್ನೂ ಕುಡಿಸಬಹುದು, ಅಕ್ಕಿಯ ಪಿಷ್ಟ ಕರುಳಿನಲ್ಲಿ ಮೆಲ್ಲಗೆ ಗ್ಲೂಕೋಸಾಗುತ್ತದೆ. ಬಾಟಲಿಯ ತಂಪುಪಾನೀಯ ಬೇಡ. ಅದರ ಅತಿಯಾದ ಸಕ್ಕರೆ ಕರುಳಿಗೆ ಇನ್ನಷ್ಟು ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂಬ ಹೆಸರಿಟ್ಟು ಮಾರುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಹೆಸರನ್ನು ನಿಷೇಧಿಸಿತು. ಕೊಳ್ಳುವಾಗ ಪೊಟ್ಟಣದ ಮೇಲಿನ ಅಳತೆ ಓದಿ.

ಈಗ ಅಜ್ಜಿಯ ಪ್ರಶ್ನೆ: ಕೊಟ್ಟದ್ದೆಲ್ಲ ಕಕ್ಕಿದರೆ? ಉತ್ತರ ಇರುವುದು ಲೋಟದಲ್ಲಲ್ಲ, ಚಮಚದಲ್ಲಿ. ಬಾಯಾರಿದ ಮಗು ಲೋಟವನ್ನು ಗಟಗಟ ಕುಡಿದರೆ ಕೆರಳಿದ ಜಠರ ಹಿಗ್ಗಿ, ವೇಗಸ್ ನರ ಮತ್ತೆ ದೂರು ಒಯ್ಯುತ್ತದೆ. ಕಾರಿದ ಮೇಲೆ ಹತ್ತು ನಿಮಿಷ ಬಿಟ್ಟು, ಚಮಚ ಚಮಚವಾಗಿ ಕೊಟ್ಟರೆ ಬಹಳಷ್ಟು ಒಳಗೇ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡೋಣ. 10 ಕಿಲೋ ತೂಕದ ಮಗುವಿಗೆ ಸ್ವಲ್ಪ ಮಟ್ಟಿಗೆ ನೀರು ಆರಿದ್ದರೆ ನಾಲ್ಕು ತಾಸಿನಲ್ಲಿ ಕಿಲೋಗೆ 75 ಮಿಲಿಲೀಟರಿನಂತೆ 750 ಮಿಲಿಲೀಟರ್ ಬೇಕು. ಚಹಾ ಚಮಚಕ್ಕೆ 5 ಮಿಲಿಲೀಟರ್. ಅಂದರೆ 150 ಚಮಚ, 240 ನಿಮಿಷ. ಸುಮಾರು ಒಂದೂವರೆ ನಿಮಿಷಕ್ಕೆ ಒಂದು ಚಮಚ. ಬೇಸರದ ಕೆಲಸ, ತಾಯಿಯ ಕೈ ಸೋಲುತ್ತದೆ. ಅಪ್ಪ, ಅಕ್ಕ, ಅಜ್ಜ ಸರದಿ ತೆಗೆದುಕೊಳ್ಳಬೇಕು. ನಡುವೆ ಒಮ್ಮೆ ಕಾರಿದರೂ ಸೋತೆವೆಂದು ತಿಳಿಯಬಾರದು. ಒಳಗೆ ಹೋದದ್ದು ಹೊರಬಂದದ್ದಕ್ಕಿಂತ ಹೆಚ್ಚಿದ್ದರೆ ಸಾಕು. ಮೊಲೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬೇಡಿ, ಆಗಾಗ ಸ್ವಲ್ಪ ಸ್ವಲ್ಪ ಕುಡಿಸಿ. ಭೇದಿಯೂ ಇದ್ದರೆ ಸತುವಿನ ಮಾತ್ರೆ 14 ದಿನ ಕೊಡುವ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಷ್ಟು ಹೇಳಿದರೂ ನಮ್ಮ ಊರುಗಳಲ್ಲಿ ದವಾಖಾನೆಗೆ ಕಾಲಿಟ್ಟ ಕೂಡಲೇ ಬರುವ ಬೇಡಿಕೆ 'ಒಂದ್ ಸಲಾಯನ್ ಹಚ್ರಿ'. ಸೂಜಿ ಚುಚ್ಚಿ ಬಾಟಲಿ ತೂಗು ಹಾಕಿದರೇ ಚಿಕಿತ್ಸೆ ಎಂಬ ನಂಬಿಕೆ ಆಳವಾಗಿದೆ. ಸಾಮಾನ್ಯ ಸಲೈನಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು ಮಾತ್ರ. ಸಕ್ಕರೆಯಿಲ್ಲ, ಪೊಟ್ಯಾಸಿಯಂ ಇಲ್ಲ. ಕುಡಿಯಬಲ್ಲ ರೋಗಿಗೆ ಓಆರ್‌ಎಸ್ ಅದಕ್ಕಿಂತ ಮೇಲು. ಪ್ರಜ್ಞೆ ಮಂಕಾದವರಿಗೆ, ನಾಡಿ ಕ್ಷೀಣಿಸಿದವರಿಗೆ, ಏನು ಕೊಟ್ಟರೂ ನಿಲ್ಲದವರಿಗೆ ರಕ್ತನಾಳದ ದ್ರವ ಜೀವ ಉಳಿಸುತ್ತದೆ. ಅಂಥವರಿಗೆ ಅದು ತಡವಾಗಬಾರದು.

ವಾಂತಿ ನಿಲ್ಲಿಸುವ ಮದ್ದುಗಳ ಬಗ್ಗೆ ಒಂದು ಎಚ್ಚರ. ಕರುಳಿನ ಕೋಶಗಳು ಬಿಡುವ ಸಿರೊಟೋನಿನ್ ವೇಗಸ್ ನರವನ್ನು ಕೆಣಕುವುದನ್ನು ತಡೆಯುವ ಒಂಡಾನ್ಸೆಟ್ರಾನ್ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದದ್ದು 1991ರಲ್ಲಿ, ಕ್ಯಾನ್ಸರ್ ಔಷಧಿಯಿಂದ ಬಳಲುವವರಿಗಾಗಿ. ಅದು ಬರುವ ಮೊದಲು ಬಕೆಟ್ಟು ಪಕ್ಕದಲ್ಲಿಟ್ಟುಕೊಂಡೇ ಚಿಕಿತ್ಸೆ ಪಡೆಯುವ ಸ್ಥಿತಿ ಇತ್ತು. ಮಕ್ಕಳ ವಾಂತಿಗೂ ವೈದ್ಯರು ಅದರ ಒಂದು ಪ್ರಮಾಣ ಕೊಡುವುದುಂಟು, ಓಆರ್‌ಎಸ್ ಒಳಗೆ ನಿಲ್ಲಲಿ ಎಂದು. ಹಳೆಯ ಮೆಟೊಕ್ಲೊಪ್ರಮೈಡ್ ಚುಚ್ಚಿದ ಮೇಲೆ ಕೆಲವು ಮಕ್ಕಳಿಗೆ, ಹರೆಯದವರಿಗೆ ಕುತ್ತಿಗೆ ಒಂದು ಕಡೆ ತಿರುಚಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ. ನೋಡಿದವರು 'ಗಾಳಿ ಸೋಕ್ಯಾದ' ಎಂದು ಮಂತ್ರ ಹಾಕಿಸಲು ಓಡುತ್ತಾರೆ. ಅದು ಮದ್ದಿನ ಅಡ್ಡ ಪರಿಣಾಮ. ವೈದ್ಯರು ಇನ್ನೊಂದು ಚುಚ್ಚುಮದ್ದು ಕೊಟ್ಟರೆ ನಿಮಿಷಗಳಲ್ಲಿ ಇಳಿಯುತ್ತದೆ. ಅಂಗಡಿಯಿಂದ ತಾವೇ ತಂದು ಕೊಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಕೆಲವು ಉಲ್ಟಿಗಳಿಗೆ ಚಮಚದ ಉಪಾಯ ನಡೆಯುವುದಿಲ್ಲ. ಹಸುಗೂಸು ಹಸಿರು ಕಾರಿದರೆ ಕರುಳು ತಿರುಚಿರಬಹುದು, ಅದೇ ತಾಸಿನಲ್ಲಿ ಹೊರಡಿ. ಮೂರರಿಂದ ಆರು ವಾರದ ಕೂಸು ಕುಡಿದ ಹಾಲನ್ನು ಪಿಚಕಾರಿಯಂತೆ ದೂರಕ್ಕೆ ಚಿಮ್ಮುತ್ತಿದ್ದರೆ ಜಠರದ ಕೆಳಬಾಗಿಲು ದಪ್ಪವಾಗಿ ಮುಚ್ಚಿಕೊಂಡಿರಬಹುದು, ಸಣ್ಣ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವನು ಮತ್ತೆ ಮತ್ತೆ ಕಾರಿದರೆ ತಲೆಯೊಳಗೆ ರಕ್ತಸ್ರಾವವಾಗಿರುವ ಅನುಮಾನ ಪಡಬೇಕು. ಜ್ವರದೊಂದಿಗೆ ಕುತ್ತಿಗೆ ಬಗ್ಗದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಕಪ್ಪು ಕಂಡರೆ, ಹೊಟ್ಟೆನೋವು ಮೊದಲು ಬಂದು ಆಮೇಲೆ ಉಲ್ಟಿಯಾದರೆ ತಡ ಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ಬೆವರಿನೊಂದಿಗೆ ಬರುವ ವಾಂತಿ ಎದೆನೋವಿಲ್ಲದ ಹೃದಯಾಘಾತವೂ ಆಗಿರಬಹುದು. ಅದನ್ನು 'ಗ್ಯಾಸ್' ಎಂದು ಸೋಡಾ ಕುಡಿಸಿ ಮಲಗಿಸಬೇಡಿ.

ಕೊನೆಯದು, ತೊಗರಿ, ಸೋಯಾ, ಕಬ್ಬಿನ ಸೀಮೆಯ ನಮಗೆ ಎಲ್ಲಕ್ಕಿಂತ ಹತ್ತಿರದ್ದು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದವರು ಗುಡಿಯ ಸುತ್ತಲೇ ಕಾರುತ್ತ ಕುಸಿದರು. ಪ್ರಸಾದದಲ್ಲಿ ಬೆರೆಸಿದ್ದು ಹೊಲಕ್ಕೆ ಹೊಡೆಯುವ ಮಾನೊಕ್ರೊಟೊಫಾಸ್. 17 ಮಂದಿ ತೀರಿಕೊಂಡರು. ಈ ಬಗೆಯ ಕೀಟನಾಶಕ ಹೊಟ್ಟೆಗೆ ಹೋದರೆ ವಾಂತಿಯ ಜತೆ ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತವೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರಾಟದ ಕೊಳವೆ ಕಫದಿಂದ ತುಂಬುತ್ತದೆ. ಇಂಥವರ ಬಾಯಿಗೆ ಹುಣಸೆ ನೀರು, ಸೋಪಿನ ನೀರು, ಉಪ್ಪುನೀರು ಸುರಿದು ಬಲವಂತವಾಗಿ ಕಾರಿಸುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಮಂಪರಿನಲ್ಲಿರುವವನು ಕಾರಿದ್ದು ಪುಪ್ಪುಸಕ್ಕೆ ಇಳಿದು ಅದರಿಂದಲೇ ಸಾಯಬಹುದು. ಸೀಮೆಎಣ್ಣೆ, ಆಸಿಡ್ ಕುಡಿದವರಿಗೂ ಇದೇ ಅಪಾಯ, ಆಸಿಡ್ಡಂತೂ ಹೋಗುವಾಗ ಸುಟ್ಟದ್ದು ಬರುವಾಗ ಇನ್ನೊಮ್ಮೆ ಸುಡುತ್ತದೆ. ಕಾವಲುಗಾರ ತಾನಾಗಿ ಎದ್ದರೆ ಏಳಲಿ, ನಾವು ಎಬ್ಬಿಸಬಾರದು. ಎಡಮಗ್ಗುಲಿಗೆ ಮಲಗಿಸಿ, ಔಷಧ ಬಿದ್ದ ಬಟ್ಟೆ ತೆಗೆದು ಮೈಯನ್ನು ಸೋಪಿನಿಂದ ತೊಳೆಯಿರಿ, 108ಕ್ಕೆ ಕರೆ ಮಾಡಿ, ಔಷಧದ ಡಬ್ಬಿಯನ್ನು ಜತೆಗೇ ಒಯ್ಯಿರಿ. ಡಬ್ಬಿಯ ಹೆಸರು ನೋಡಿದರೆ ವೈದ್ಯರು ಅದರ ಪ್ರತಿಮದ್ದಾದ ಅಟ್ರೊಪಿನ್ ಶುರುಮಾಡಲು ಒಂದು ನಿಮಿಷವೂ ಕಳೆಯಬೇಕಿಲ್ಲ.

ಒಂದು ವಿನಂತಿ. ಓಆರ್‌ಎಸ್ ಪೊಟ್ಟಣ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇದೆ, ಅದಕ್ಕೆ ಹಣ ಕೊಡಬೇಕಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಾಳೆಯೇ ಎರಡು ಕೇಳಿ ತಂದು ಸಕ್ಕರೆ ಡಬ್ಬಿಯ ಪಕ್ಕದಲ್ಲಿಡಿ. ಇಡೀ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಒಮ್ಮೆಲೇ ಕಲಸಬೇಕು, ಕಲಸಿದ್ದನ್ನು 24 ತಾಸಿನೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು.